ನುಕ್ತಾ ಇಲ್ಲದ ಶಬ್ದ

ಉರ್ದು ಅಕ್ಷರ ನನಗೆ ಕಣ್ಣಿಗಿಂತ ಮೊದಲು ಕೈಗೆ ಬಂದದ್ದು. ಸಾಲಿ ಬಿಟ್ಟಾಗ ನನಗೆ ಮಗ್ಗಿಯೂ ಪೂರ್ತಿ ಬರುತ್ತಿರಲಿಲ್ಲ. ಕಮಲಾಪುರದಿಂದ ಕಲಬುರ್ಗಿಗೆ ಬಂದು ಕಲ್ಲು ಕೆತ್ತುವವರಲ್ಲಿ ಸೇರಿಕೊಂಡೆ. ಗೋರಿಯ ಕಲ್ಲು, ಬಾಗಿಲ ಮೇಲಿನ ಕಲ್ಲು, ಗುಡಿಗೆ ಕಂಬ ಕೊಟ್ಟವರ ಹೆಸರಿನ ಕಲ್ಲು, ಯಾವುದೇ ಇರಲಿ, ಬಲ್ಲವರು ಕಾಗದದ ಮೇಲೆ ಬರೆದು ಕೊಡುತ್ತಿದ್ದರು. ನಾನು ಅದರ ಮೇಲೆ ಎಣ್ಣೆ ಹಚ್ಚಿದ ತೆಳು ಕಾಗದ ಹಾಸಿ, ಗೆರೆಗೆ ಗೆರೆ ಎತ್ತಿಕೊಂಡು ಕಲ್ಲಿಗೆ ಇಳಿಸುತ್ತಿದ್ದೆ. ಅರ್ಥ ಗೊತ್ತಾಗುತ್ತಿರಲಿಲ್ಲ. ಆದರೆ ನನ್ನ ಕೆತ್ತನೆಯಲ್ಲಿ ಒಂದು ಬಾಲ ಹೆಚ್ಚು, ಒಂದು ಬಾಲ ಕಡಿಮೆ ಎಂದು ಯಾರೂ ಕಲ್ಲು ತಿರುಗಿ ಕಳಿಸಿದ್ದಿಲ್ಲ. ಇದನ್ನು ನಾನು ಈಗಲೂ ಎದೆ ಮುಟ್ಟಿ ಹೇಳುತ್ತೇನೆ.

ಅಚ್ಚಿನ ಉರ್ದುವನ್ನು ಕೂಡಿಸಿ ಕೂಡಿಸಿ ಓದುವುದು ಆಮೇಲೆ ಬಂತು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಪೊಲೀಸ್ ಚೌಕಿಯ ಗೋಡೆಗೆ ಸರ್ಕಾರಿ ಪ್ರಕಟಣೆಯ ಇಸ್ತಿಹಾರು ಅಂಟಿಸುತ್ತಿದ್ದರು. ಎಲ್ಲದರಲ್ಲೂ ದಪ್ಪಕ್ಷರದಲ್ಲಿ ಒಂದು ಶಬ್ದ ಇರುತ್ತಿತ್ತು: ಮಫ್ರೂರ್. ತಪ್ಪಿಸಿಕೊಂಡು ಓಡಿಹೋದವನು ಎಂದು ಅರ್ಥ. ನಾನು ತಡವರಿಸದೆ ಓದಿದ ಮೊದಲ ಉರ್ದು ಶಬ್ದ ಅದು.

ಅದೇ ಶಬ್ದ ನಮ್ಮ ಮನೆಯ ಬೆನ್ನು ಹತ್ತಿತ್ತು, ಕನ್ನಡದಲ್ಲಿ. ನನ್ನ ಅಜ್ಜ ನಿಜಾಮ ಸರ್ಕಾರದ ಫೌಜಿನಲ್ಲಿ ಸಿಪಾಯಿಯಾಗಿದ್ದ. ಎಲ್ಲಿಯದೋ ಜಗಳಕ್ಕೆ ಅವನ ತುಕಡಿ ಹೋಯಿತು. ಒಂದು ದಿನ ಅವನೊಬ್ಬನೇ ಎಡಗಾಲು ಎಳೆಯುತ್ತ ಕಮಲಾಪುರಕ್ಕೆ ಬಂದ. ಏನಾಯಿತೆಂದು ಕೇಳಿದವರಿಗೆ, ಸರ್ಕಾರದ ದಫ್ತರದಲ್ಲಿ ಬರೆದಿದ್ದಾರೆ, ಬೇಕಾದವರು ಹೋಗಿ ಓದಿಕೊಳ್ಳಲಿ ಎನ್ನುತ್ತಿದ್ದನಂತೆ. ಓದಲು ಯಾರು ಹೋಗುತ್ತಾರೆ? ಓಡಿಬರುವಾಗ ಹಳ್ಳದಲ್ಲಿ ಬಿದ್ದು ಕಾಲು ಮುರಿದುಕೊಂಡ ಎಂದು ಊರೇ ಬರೆದುಕೊಂಡಿತು. ಅಜ್ಜ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಹಿತ್ತಾಳೆ ಬಿಲ್ಲೆಯ ತೊಗಲಿನ ಸೊಂಟಪಟ್ಟಿ ಒಂದೇ. ಅಪ್ಪ ಅದನ್ನು ದೀಪದ ಮಾಡದ ಪಕ್ಕದಲ್ಲಿ ಗೂಟಕ್ಕೆ ತೂಗು ಹಾಕಿದ್ದ. ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಬಿಲ್ಲೆ ತಿಕ್ಕುತ್ತಿದ್ದ.

ಆ ಬೇಸಿಗೆಯಲ್ಲಿ ನಾನು ಊರಿಗೆ ಹೋದಾಗ ಅಪ್ಪನಿಗೂ ಪಕ್ಕದ ತೋಟದ ಕಾಕಾನಿಗೂ ಬಾವಿಯ ಕಟ್ಟೆಯ ಮೇಲೆ ಮಾತು ಬೆಳೆದಿತ್ತು. ಇಬ್ಬರೂ ಒಂದೇ ವಾರಿಗೆಯವರು, ಒಂದೇ ಬಾವಿಯ ಪಾಲುದಾರರು, ಬಾಳೆಗೆ ಪಾಳಿಯ ಮೇಲೆ ನೀರು ಬಿಡುತ್ತಿದ್ದರು. ಅವತ್ತು ಅಪ್ಪ ತನ್ನ ಪಾಳಿಗೆ ತಡವಾಗಿ ಬಂದಿದ್ದ. ಅಷ್ಟಕ್ಕೇ ಕಾಕಾ ಅಂದ:

“ಪಾಳಿ ಬಿಟ್ಟು ಓಡೋದು ನಿಮ್ಮ ಮನಿಗಿ ಹೊಸಾದೇನಲ್ಲ ಬಿಡೋ.”

ಎತ್ತು ಹೊಡೆಯುತ್ತಿದ್ದ ಆಳುಗಳೂ ಎತ್ತು ನಿಲ್ಲಿಸಿ ತಿರುಗಿ ನೋಡಿದರು. ಅಪ್ಪ ಸಿಟ್ಟಿನವನಲ್ಲ. ಅವನ ದನಿ ಇಳಿದಾಗಲೇ ನಮಗೆ ಹೆದರಿಕೆ.

“ದಫ್ತರ ತೆಗಸ್ತೀನಿ. ಓಡಿ ಬಂದಾನಂತ ಬರದಿದ್ರ ಅವನ ಪಟ್ಟಿ ಇದೇ ಬಾವ್ಯಾಗ ಒಗೀತೀನಿ. ಅವನ ಹೆಸರು ನಮ್ಮ ಮನ್ಯಾಗ ಮತ್ತ ಯಾರೂ ಎತ್ತಂಗಿಲ್ಲ.”

ಕಾಕಾ ತಾನೂ ಕಿವಿಯಾರೆ ಕೇಳುತ್ತೇನೆಂದ. ಹೇಗೂ ಗಂಜ್ ಮಾರುಕಟ್ಟೆಗೆ ತೊಗರಿ ಹಾಕಲು ಕಲಬುರ್ಗಿಗೆ ಬರುವವನಿದ್ದ. ಅವನ ಬಂಡಿಯಲ್ಲೇ ನಾನು ಬಂದೆ. ದಾರಿಯುದ್ದಕ್ಕೂ ಇಬ್ಬರೂ ಎತ್ತಿನ ಜೊತೆ ಮಾತ್ರ ಮಾತಾಡಿದೆವು.

ಕಲಬುರ್ಗಿಯ ಸರ್ಕಾರಿ ಕಚೇರಿಯ ದಫ್ತರಖಾನೆಯಲ್ಲಿ ಹಳೆಯ ಫೌಜಿನ ಹಾಜರಿ ಪುಸ್ತಕಗಳಿವೆ ಎಂದು ನನಗೆ ಹೇಳಿದ್ದವರು ಒಬ್ಬ ಮುನ್ಶಿ ಸಾಹೇಬರು. ಆ ಕಚೇರಿಯಲ್ಲೇ ಬರೆದು ಬರೆದು ಮುದುಕರಾದವರು, ಈಗ ಎರಡೂ ಕಣ್ಣಿಗೆ ಪೊರೆ ಬಂದು ಮನೆಯಲ್ಲಿದ್ದರು. ಅವರ ಹೆಂಡತಿಯ ಗೋರಿಗೆ ಕಲ್ಲು ಕೆತ್ತಿದವನು ನಾನು. ಕಲ್ಲು ನಿಲ್ಲಿಸಿದ ದಿನ ಅವರು ಅದರ ಒಂದೊಂದು ಅಕ್ಷರವನ್ನೂ ಬೆರಳಿನಿಂದ ಸವರಿ ನೋಡಿ, ಸರಿ ಎಂದು ತಲೆಯಾಡಿಸಿದ್ದರು. ಅವರ ಮಾತಿನ ಮೇಲೆಯೇ ಗುಮಾಸ್ತ ನನ್ನನ್ನು ಒಳಗೆ ಬಿಟ್ಟ.

ಎರಡು ಗಂಟು ಬಿಚ್ಚಿದ ಮೇಲೆ ಪುಸ್ತಕ ಸಿಕ್ಕಿತು. ಗುಮಾಸ್ತ ಅಂಗಿಯ ತೋಳಿನಿಂದ ಧೂಳು ಒರೆಸಿ, ಸಾಲಿನ ಮೇಲೆ ಉಗುರು ಎಳೆಯುತ್ತ ಹೋದ. ಅಜ್ಜನ ಹೆಸರು, ಅವನ ಅಪ್ಪನ ಹೆಸರು, ಮುಕಾಮು ಕಮಲಾಪುರ. ಸಾಲಿನ ಕೊನೆಯ ಮನೆಯಲ್ಲಿ ಒಂದೇ ಶಬ್ದ ಇತ್ತು.

“ಮಫ್ರೂರ್,” ಅಂದ ಗುಮಾಸ್ತ, ಹೊರಗೆ ಬಿಸಿಲಿದೆ ಎಂದು ಹೇಳಿದಷ್ಟು ಸಲೀಸಾಗಿ.

ನಾನೂ ಬಗ್ಗಿ ನೋಡಿದೆ. ಗೋಡೆಯ ಮೇಲೆ ದಿನಾ ನೋಡಿದ ಶಬ್ದ. ನನ್ನ ಕಣ್ಣಿಗೂ ಅದೇ ಕಂಡಿತು.

ಬಾಗಿಲಲ್ಲಿ ನಿಂತಿದ್ದ ಕಾಕಾ ನಗಲಿಲ್ಲ. ನಕ್ಕಿದ್ದರೆ ಒಂದು ಮಾತು ಎಸೆದು ಹಗುರಾಗುತ್ತಿದ್ದೆ. ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡು, “ನಾಳಿ ನಸುಕಿಲೆ ಬಂಡಿ ಹೂಡ್ತೀನಿ. ನಿಮ್ಮಪ್ಪಗ ನೀ ಹೇಳ್ತಿಯೋ, ನಾ ಹೇಳ್ಲೋ?” ಅಂದ. ನಾನು ಇನ್ನೂ ಆ ಸಾಲಿನ ಮೇಲೇ ಬಗ್ಗಿದ್ದೆ. ಅದನ್ನೇ ಅವನು ಉತ್ತರ ಎಂದುಕೊಂಡು ಮೆಟ್ಟಿಲಿಳಿದು ಹೋದ.

ಗುಮಾಸ್ತನಿಗೆ ಕೇಳಿಕೊಂಡೆ, ಗೆರೆ ಎತ್ತಿಕೊಳ್ಳಲಿಕ್ಕಾದರೂ ಬಿಡಿರಿ ಎಂದು. ಅಪ್ಪನ ಮುಂದೆ ಬರೀ ಬಾಯಿಮಾತು ಒಯ್ಯಲು ನನಗೆ ಮನಸ್ಸಿರಲಿಲ್ಲ. ಕೆಟ್ಟದ್ದಾದರೂ ಬರೆದಂತೆಯೇ ಒಯ್ಯಬೇಕು. ಅವನು ನಮಾಜಿಗೆ ಹೊರಟಿದ್ದ. ತಾನು ಬರುವುದರೊಳಗೆ ಮುಗಿಸಬೇಕು, ಪುಸ್ತಕ ಒಂದು ಗೇಣೂ ಸರಿಯಬಾರದು ಎಂದು ಹೇಳಿ ಹೋದ.

ಒಂದು ಶಬ್ದವನ್ನಷ್ಟೇ ಎತ್ತುವುದು ನಮ್ಮ ಕೆಲಸದ ರೂಢಿಯಲ್ಲ, ಅಳತೆ ತಪ್ಪುತ್ತದೆ. ಇಡೀ ಹಾಳೆಯ ಮೇಲೆ ಕಾಗದ ಹಾಸಿ ಬಲದಿಂದ ಎಡಕ್ಕೆ ಎತ್ತುತ್ತ ಬಂದೆ. ಕಿವಿ ಹೊರಗಿನ ಚಪ್ಪಲಿಯ ಸದ್ದಿನ ಮೇಲಿತ್ತು. ಬರೆದವನ ಕೈ ಬಿರುಸು, ಅಕ್ಷರಗಳು ಒಂದರೊಳಗೊಂದು ನುಗ್ಗಿದ್ದವು, ಮೇಲೆ ಕೆಳಗೆ ಇಡಬೇಕಾದ ಚುಕ್ಕೆಗಳನ್ನು ಇಟ್ಟೇ ಇರಲಿಲ್ಲ. ಅಜ್ಜನ ಸಾಲಿನ ಕೊನೆಯ ಶಬ್ದಕ್ಕೆ ಬಂದೆ. ಮೊದಲು ಒಂದು ಸಣ್ಣ ಗಂಟು, ಗಂಟಿನಿಂದ ಇಳಿಯುವ ಬಾಲ. ಆ ಬಾಲ ಕೆಳಗೆ ಜಾರುತ್ತದೆಂದು ನನ್ನ ಕೈ ಮುಂದಾಗಿ ಹೊರಟಿತ್ತು. ಜಾರಲಿಲ್ಲ. ಮಸಿ ಅಲ್ಲಿ ಅರೆಕಾಳಿನಷ್ಟು ನಿಂತು, ಹೊರಳಿ, ಮುಂದೆ ಹೋಗಿತ್ತು. ಕಣ್ಣು ಮಫ್ರೂರ್ ಎನ್ನುತ್ತಿತ್ತು, ಮಣಿಕಟ್ಟು ಒಲ್ಲೆ ಎನ್ನುತ್ತಿತ್ತು. ಇನ್ನೊಮ್ಮೆ ಎತ್ತುವುದರೊಳಗೆ ಚಪ್ಪಲಿ ಸದ್ದು ಕೇಳಿತು.

ಅಲ್ಲಿಂದ ನೇರ ಮುನ್ಶಿ ಸಾಹೇಬರ ಮನೆಗೆ ಹೋದೆ. ಅವರಿಗೆ ಕಾಗದ ತೋರಿಸಿ ಪ್ರಯೋಜನವಿಲ್ಲ. ಎಲ್ಲ ಬಾಯಿಂದಲೇ ಹೇಳಿದೆ, ಅಜ್ಜನ ಕಾಲು, ಗಂಟು, ಬಾಲ, ನಿಂತ ಮಸಿ. ಅವರು ಕೇಳುತ್ತ ಕೇಳುತ್ತ ನೆಟ್ಟಗೆ ಕೂತರು.

ಅದು ಶಿಕಸ್ತಾ ಬರಹ ಎಂದು ಹೇಳಿದರು, ಮುರಿದ ಅಕ್ಷರ ಎಂದರ್ಥ. ಫೌಜಿನ ಮುನ್ಶಿಗಳು ಕುದುರೆಯ ಮೇಲೆ ಕೂತು ಬರೆದಂತೆ ಬರೆಯುತ್ತಿದ್ದರಂತೆ. ಚುಕ್ಕೆಗೆ ನುಕ್ತಾ ಎನ್ನುತ್ತಾರೆ. ನುಕ್ತಾ ಹಾಕಿ ಬರೆದರೆ ಓದುವವನಿಗೆ ಬುದ್ಧಿ ಕಡಿಮೆ ಎಂದು ಹೇಳಿದಂತೆ, ಅದಕ್ಕೇ ಹಾಕುತ್ತಿರಲಿಲ್ಲ ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿದರು.

“ನುಕ್ತಾ ಬಿಟ್ರ ಮಫ್ರೂರನ ಅಣ್ಣತಮ್ಮ ಇನ್ನೊಂದು ಶಬ್ದ ಅದ, ಬೇಟಾ. ಮಾಜೂರ್. ಅಂಗ ಊನಾಗಿ ನೌಕರಿಗಿ ಒದಗಲಾರದಾಂವ. ಮಫ್ರೂರದಾಗ ಗಂಟಿನ ಮುಂದ ರೇ ಅಕ್ಷರ, ಮಾಜೂರದಾಗ ದಾಲ್ ಅಕ್ಷರದ ಜಾತೀದು. ಆ ಕೈ ರೇ ಹ್ಯಾಂಗ ಬರೀತದ, ದಾಲ್ ಹ್ಯಾಂಗ ಬರೀತದ, ಅದು ಗೊತ್ತಾಗಬೇಕು.”

ಹಾಳೆಯಡಿಯಲ್ಲಿ ಒಟ್ಟು ಆಳುಗಳ ಲೆಕ್ಕ ಇರುತ್ತದೆ, ಅಲ್ಲಿ ನಫರ್ ಎಂಬ ಶಬ್ದ ಇದ್ದೇ ಇರಬೇಕು ಎಂದರು; ಗಂಟಿನ ಮುಂದೆ ರೇ. ರಜೆಯ ನಂತರ ಹಾಜರಾದವರ ಸಾಲಿನಲ್ಲಿ ಬಾದ್ ಎಂಬ ಶಬ್ದ ಇರುತ್ತದೆ. ಗಂಟಿನ ಮುಂದೆ ದಾಲ್. ಅಚ್ಚಿನಲ್ಲಿ ಅವು ಹೇಗಿರುತ್ತವೆಂದು ನನಗೆ ಗೊತ್ತಿತ್ತು. ಹುಡುಕಿದೆ, ಎರಡೂ ಸಿಕ್ಕವು. ಇಡೀ ಹಾಳೆ ಎತ್ತಿದ್ದು ದಂಡವಾಗಲಿಲ್ಲ.

ಈ ಮೂರು ಶಬ್ದಗಳನ್ನು ಮೂರು ಫರಸಿ ಕಲ್ಲಿನ ಚೂರಿನ ಮೇಲೆ ಇದ್ದಂತೆ ಕೆತ್ತಿಕೊಂಡು ಬಾ, ಯಾವುದು ಯಾವುದೆಂದು ಹೇಳದೆ ಕೊಡು ಎಂದರು. ಬಾಗಿಲ ತನಕ ಬಂದು ನನ್ನ ಭುಜ ಹಿಡಿದರು.

“ತಿದ್ದಬ್ಯಾಡ. ನಿನ್ನ ಉಳಿ ಸುಳ್ಳು ಹೇಳಿದ್ರ ನನ್ನ ಬೆರಳಿಗಿ ತಿಳಿಯಂಗಿಲ್ಲ.”

ಹೊತ್ತು ಇಳಿಯುವುದರೊಳಗೆ ಮೂರೂ ಕೆತ್ತಿ ಮುಗಿಸಿದೆ. ಕಾಕಾನ ಬಂಡಿ ನಸುಕಿಗೆ ಹೊರಡುತ್ತದೆ, ಈಗಲೇ ಹೋದರೆ ತಡೆಯಬಹುದು ಎಂದು ಎದ್ದೆ. ಏಳುವಾಗ ಅಜ್ಜನ ಶಬ್ದದ ಮೇಲೆ ಬೆರಳು ಎಳೆದೆ. ಗಂಟಿನ ಮುಂದಿನ ನಿಲುಗಡೆ ಕಾಗದದ ಮೇಲೆ ಇದ್ದದ್ದಕ್ಕಿಂತ ಆಳವಾಗಿತ್ತು. ಒಂದು ಪೆಟ್ಟು ಹೆಚ್ಚು. ನಾನು ಬೇಕೆಂದು ಹೊಡೆದದ್ದಲ್ಲ. ಆದರೆ ಉಳಿ ಹಿಡಿದದ್ದು ನನ್ನ ಕೈ, ಆ ಕೈಗೆ ಏನು ಬೇಕಿತ್ತೆಂದು ನನಗೆ ಗೊತ್ತಿತ್ತು.

ಆ ಕಲ್ಲು ಒಯ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುತ್ತಿಗೆಯಿಂದ ಅದನ್ನು ಎರಡು ತುಂಡು ಮಾಡಿದೆ. ಬೆಳಕು ಹೋಗಿತ್ತು, ಬರೀ ಬಾಯಿಮಾತಿಗೆ ಕಾಕಾ ಬಂಡಿ ನಿಲ್ಲಿಸುವವನಲ್ಲ. ಮರುದಿನ ಬೆಳಕು ಹರಿದ ಮೇಲೆ ಹೊಸ ಚೂರು ತಗೊಂಡು, ಉಸಿರು ಬಿಗಿಹಿಡಿದು, ಪೆಟ್ಟು ಪೆಟ್ಟಿಗೂ ಕಾಗದ ನೋಡುತ್ತ ಕೆತ್ತಿದೆ. ಅಷ್ಟೊತ್ತಿಗೆ ಕಾಕಾ ಊರಿನ ಕಡೆಯ ಹುಮನಾಬಾದ್ ದಾರಿಯಲ್ಲಿ ಎಷ್ಟು ದೂರ ಹೋಗಿರಬಹುದೆಂಬ ಲೆಕ್ಕ ತಲೆಯಲ್ಲಿ ಓಡುತ್ತಲೇ ಇತ್ತು.

ಮುನ್ಶಿ ಸಾಹೇಬರು ಚಾಪೆಯ ಮೇಲೆ ಕೂತು ಮೂರೂ ಕಲ್ಲು ತೊಡೆಯ ಮೇಲಿಟ್ಟುಕೊಂಡರು. ಮೊದಲನೆಯದನ್ನು ಸವರಿ “ನಫರ್” ಎಂದು ಕೆಳಗಿಟ್ಟರು. ಎರಡನೆಯದು ಅಜ್ಜನದು. ಅದರ ಮೇಲೆ ಬೆರಳು ಹೋಯಿತು, ಬಂತು, ಮತ್ತೆ ಹೋಯಿತು. ಅದನ್ನು ಹಿಡಿದುಕೊಂಡೇ ಮೂರನೆಯದನ್ನು ಎತ್ತಿಕೊಂಡು “ಬಾದ್” ಎಂದರು. ಅದನ್ನು ಕೆಳಗಿಡಲಿಲ್ಲ. ಎರಡು ಕೈಯಲ್ಲಿ ಎರಡು ಕಲ್ಲು ಹಿಡಿದು, ಎರಡು ಹೆಬ್ಬೆರಳನ್ನು ಒಟ್ಟಿಗೇ ಆಡಿಸಿದರು. ಒಳಗೆ ಯಾರೋ ಮಸಾಲೆ ಕುಟ್ಟುತ್ತಿದ್ದರು.

“ಇವೆರಡೂ ಒಂದೇ ಜೋಡು,” ಎಂದರು. “ಮಾಜೂರ್. ನಿಮ್ಮಜ್ಜ ಓಡಿಲ್ಲ, ಬೇಟಾ. ಓಡ್ಲಿಕ್ಕ ಅವನಿಗಿ ಕಾಲೇ ಇರ್ಲಿಲ್ಲ.”

ಕಲ್ಲುಗಳನ್ನು ಧೋತರದ ತುಂಡಿನಲ್ಲಿ ಕಟ್ಟಿಕೊಂಡು ಹೊರಟೆ. ಸ್ವಲ್ಪ ದೂರ ಒಂದು ಬಂಡಿ ಸಿಕ್ಕಿತು, ಉಳಿದದ್ದು ನಡಿಗೆ. ನಡುವೆ ಒಂದೂರಿನಲ್ಲಿ ಮಲಗೆದ್ದು, ಮರುದಿನ ಬಿಸಿಲೇರುವಾಗ ಕಮಲಾಪುರ ಮುಟ್ಟಿದೆ. ಮನೆಯ ಮಾಡದ ಪಕ್ಕ ಗೂಟ ಬರಿದಾಗಿತ್ತು. ಅವ್ವ ತೋಟದ ಕಡೆ ಕೈ ಮಾಡಿದಳು.

ಅಪ್ಪ ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ಕಾಕಾ ದೂರದಲ್ಲಿ ತನ್ನ ಬಾಳೆಯ ಸಾಲಿಗೆ ನೀರು ತಿರುವುತ್ತಿದ್ದ. “ಒಗದೆ,” ಎಂದ ಅಪ್ಪ, ನಾನು ಕೇಳುವ ಮೊದಲೇ.

ನಾನು ಕಾಕಾನನ್ನು ಕೂಗಿ ಕರೆದೆ. ಇಬ್ಬರ ನಡುವೆ ಮೂರು ಕಲ್ಲು ಇಟ್ಟೆ. ಇಬ್ಬರಿಗೂ ಓದು ಬಾರದು. ಅವರನ್ನು ನಂಬಿಸಲು ಮುನ್ಶಿ ಸಾಹೇಬರ ಹೆಸರು ಹೇಳಿದರೆ ಆ ಹೆಸರು ಅವರಿಗೆ ಯಾರದೋ. ಅದಕ್ಕೇ ಕಾಕಾನ ಬೆರಳು ಹಿಡಿದು ನಫರಿನ ಗೆರೆಯಲ್ಲಿ ಇಟ್ಟೆ. ಇದು ರೇ, ಜಾರುತ್ತದೆ ಎಂದೆ. ಬಾದಿನ ಗೆರೆಯಲ್ಲಿ ಇಟ್ಟೆ. ಇದು ದಾಲ್, ನಿಲ್ಲುತ್ತದೆ ಎಂದೆ. ಆಮೇಲೆ ಅಜ್ಜನ ಕಲ್ಲು ಮುಂದೆ ಸರಿಸಿ, ಜಾರಿದರೆ ಓಡಿಬಂದವನು, ನಿಂತರೆ ಕಾಲು ಹೋದವನು, ಈಗ ನೀನೇ ನೋಡು ಎಂದೆ.

ಕಾಕಾ ಒದ್ದೆ ಬೆರಳನ್ನು ಧೋತರಕ್ಕೆ ಒರೆಸಿಕೊಂಡ. ಗೆರೆಯೊಳಗೆ ಇಟ್ಟು ಮೆಲ್ಲಗೆ ತಂದ. ಕಣ್ಣು ಮುಚ್ಚಿ ಇನ್ನೊಮ್ಮೆ. ಮೂರನೆಯ ಸಲ ಬೆರಳು ನಿಂತಲ್ಲೇ ನಿಲ್ಲಿಸಿ ಅಪ್ಪನ ಮುಖ ನೋಡಿದ. ಎದ್ದು ಮನೆಯ ಕಡೆ ನಡೆದ. ನಾನು, ಮುಗಿಯಿತು, ಒಪ್ಪುವವನಲ್ಲ ಎಂದುಕೊಂಡೆ.

ತಿರುಗಿ ಬಂದಾಗ ಅವನ ಹೆಗಲ ಮೇಲೆ ಹಗ್ಗದ ಸುರುಳಿ ಇತ್ತು, ಕೈಯಲ್ಲಿ ಪಾತಾಳಗರಡಿ. ಬಾವಿಗೆ ಕೊಡ ಬಿದ್ದರೆ ಊರೆಲ್ಲ ಅವನ ಮನೆಯ ಆ ಕೊಕ್ಕೆಗೊಂಚಲನ್ನೇ ಕೇಳಿ ಒಯ್ಯುತ್ತಿದ್ದರು.

“ಇವತ್ತ ಪಾಳಿ ಯಾರದು?” ಎಂದು ಕೇಳಿದ.

“ನಿಂದ,” ಎಂದ ಅಪ್ಪ.

“ಹಂಗಾದ್ರ ನೀರು ರಾಡಿ ಆದ್ರ ನನ್ನ ಬಾಳಿಗೇ ಹೋಗ್ತದ. ಹಗ್ಗ ಹಿಡಿ.”

ಇಬ್ಬರೂ ಕಟ್ಟೆಯ ಮೇಲೆ ಎದುರುಬದುರು ನಿಂತು ಗರಡಿ ಇಳಿಬಿಟ್ಟರು. ಮೊದಲು ಒಂದು ಹಳೆಯ ಕೊಡದ ಬಾಯಿ ಬಂತು, ಆಮೇಲೆ ಬರೀ ಕೆಸರು. ನೀರು ಕಲಕಿ ಕಪ್ಪಾಯಿತು. ಕಾಕಾ ಜಾಗ ಬದಲಿಸಿದ, ಅಪ್ಪ ಹಗ್ಗ ಸಡಿಲಿಸಿದ, ನಾನು ಗೋಡೆಗೆ ಬಗ್ಗಿ ನಿಂತೆ. ಎಷ್ಟನೆಯ ಸಲವೋ, ಹಗ್ಗ ತೂಕ ಹಿಡಿಯಿತು. ಮೇಲೆ ಬಂದದ್ದು ನೆನೆದು ಉಬ್ಬಿದ ತೊಗಲು, ತುದಿಗೆ ಕೆಸರು ಮೆತ್ತಿದ ಬಿಲ್ಲೆ.

ಕೊಕ್ಕೆಯಿಂದ ಪಟ್ಟಿ ಬಿಡಿಸಿದವನು ಕಾಕಾ. ನಾನು ಕೈ ಚಾಚಿದ್ದೆ, ನನಗೆ ಕೊಡಲಿಲ್ಲ. ಬೊಗಸೆಯಲ್ಲಿ ನೀರು ಹಿಡಿದು ಬಿಲ್ಲೆ ತೊಳೆದು, ಎರಡೂ ಕೈಯಿಂದ ಅಪ್ಪನಿಗೆ ಕೊಟ್ಟ. ಆಮೇಲೆ ಹಗ್ಗ ಸುತ್ತಿಕೊಂಡು, ಬಾಳೆಯ ಸಾಲೊಂದು ಒಡೆದು ನೀರು ಹರಿಯುತ್ತಿದೆ ಎಂದು ಗೊಣಗುತ್ತ ತೋಟದೊಳಗೆ ಹೋದ.