ಎಬನೇಜರ್ ಉಪದೇಶಿಯ ಗ್ರೀಕು

ಕಾರ್ಗಲ್ಲಿನ ಅಣೆಕಟ್ಟು ನೌಕರರ ಕ್ವಾರ್ಟರ್ಸುಗಳಲ್ಲಿ ಎಬನೇಜರ್ ಎಂಬ ಹೆಸರನ್ನು ತಡವರಿಸದೆ ಹೇಳಬಲ್ಲವರು ಪ್ರಾರ್ಥನಾ ಮಂದಿರಕ್ಕೆ ಬರುತ್ತಿದ್ದ ಕೆಲವೇ ಮನೆಯವರು. ಉಳಿದವರಿಗೆಲ್ಲ ಅವರು ಉಪದೇಶಿಯವರು. ಪಾದ್ರಿಯನ್ನು ಸಾಕುವ ಶಕ್ತಿಯಿಲ್ಲದ ಸಣ್ಣ ಸಭೆಗಳನ್ನು ನೋಡಿಕೊಳ್ಳಲು ಇಡುವ ಮನುಷ್ಯನಿಗೆ ಉಪದೇಶಿ ಎನ್ನುತ್ತಾರೆ. ಕಾಯಿಲೆಯವರ ಮನೆಗೆ ಹೋಗಬೇಕು, ಆರಾಧನೆಯಲ್ಲಿ ಪ್ರಸಂಗ ಮಾಡಬೇಕು, ಜಗಳ ಬಿಡಿಸಬೇಕು, ಹಾರ್ಮೋನಿಯಂ ಕೆಟ್ಟರೆ ಅದನ್ನೂ ಬಿಚ್ಚಿ ನೋಡಬೇಕು. ಆದರೆ ದೀಕ್ಷಾಸ್ನಾನ ಕೊಡುವ ಹಾಗಿಲ್ಲ, ಮದುವೆ ಮಾಡಿಸುವ ಹಾಗಿಲ್ಲ, ಪಾದ್ರಿಯ ಬಿಳಿ ನಿಲುವಂಗಿಯ ಮಾತಂತೂ ಎತ್ತುವ ಹಾಗೇ ಇಲ್ಲ. ಅಡುಗೆಯೆಲ್ಲ ಮಾಡಿಟ್ಟು ಬಡಿಸುವಾಗ ಮಾತ್ರ ಹಿಂದೆ ಸರಿಯಬೇಕಾದ ಸೊಸೆಯ ಪಾಡು. ಆ ಪಾಡನ್ನು ಅವರು ಬಹಳ ವರ್ಷ ಗೊಣಗದೆ ಪಟ್ಟರು.

ಗೊಣಗಾಟ ಶುರುವಾದದ್ದು ಎಪ್ಪತ್ತಾರರ ಸುಮಾರಿಗೆ, ದೇವಶಾಸ್ತ್ರದ ಕಾಲೇಜಿನಲ್ಲಿ ಓದಿದ ಎಳೆಯ ಪಾದ್ರಿಗಳು ಆಗಾಗ ಕಾರ್ಗಲ್ಲಿಗೆ ಬರತೊಡಗಿದ ಮೇಲೆ. ಅವರು ಪ್ರಸಂಗದ ನಡುವೆ ಒಮ್ಮೆ ನಿಂತು, ಕನ್ನಡಕ ಸರಿಮಾಡಿಕೊಂಡು, ಬೈಬಲಿನ ಮೂಲ ಗ್ರೀಕಿನಲ್ಲಿ ಇದರ ಅರ್ಥವೇ ಬೇರೆ ಎನ್ನುವರು. ಇಡೀ ಸಭೆ ಮುಂದಕ್ಕೆ ಬಾಗುವುದು. ತಮ್ಮ ಪ್ರಸಂಗಕ್ಕೆ ಯಾರೂ ಯಾವತ್ತೂ ಹಾಗೆ ಬಾಗಿದ್ದನ್ನು ಎಬನೇಜರ್ ನೋಡಿರಲಿಲ್ಲ. ದೇವರ ಕೆಲಸದಲ್ಲಿ ಹೊಟ್ಟೆಕಿಚ್ಚು ಇರಬಾರದು ಎನ್ನುತ್ತಾರೆ. ಇರಬಾರದು ನಿಜ, ಆದರೆ ಇರುತ್ತದೆ. ತಲೆ ಅರ್ಧ ನರೆತ ಮೇಲೆ ಅವರು ಗ್ರೀಕು ಕಲಿಯಲು ಹೊರಟರು.

ಕಲಿಸಿದವರು ಸಾಗರದಲ್ಲಿ ನಿವೃತ್ತರಾಗಿ ನೆಲೆಸಿದ್ದ ಯೋವೇಲಯ್ಯನವರು. ಹಳೆಯ ಕಾಲದ ಪಾದ್ರಿ, ಕಡಿಮೆ ಮಾತಿನವರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಎಬನೇಜರ್ ಸಾಗರಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಅಲ್ಲೇ ಮಲಗುವರು. ಶಾಲೆಯಲ್ಲಿ ಕಲಿತ ವಿಭಕ್ತಿ ನೆನಪಿದೆಯೇ ಎಂದು ಅಯ್ಯನವರು ಮೊದಲ ದಿನ ಕೇಳಿದರು. ನೆನಪಿದ್ದರೆ ಅರ್ಧ ಗ್ರೀಕು ಬಂದ ಹಾಗೆ ಎಂದರು. ಮಾತು, ಮಾತಿನ, ಮಾತಿಗೆ, ಮಾತನ್ನು. ಲೋಗೊಸ್, ಲೋಗೂ, ಲೋಗೋ, ಲೋಗೊನ್. ಎಬನೇಜರ್ ಇದನ್ನು ಮಗ್ಗಿಯ ಹಾಗೆ ಉರು ಹೊಡೆದರು. ಬಾವಿಯಿಂದ ನೀರು ಸೇದುವಾಗ ಒಂದು ಕೊಡಕ್ಕೆ ಒಂದು ವಿಭಕ್ತಿ. ಹೆಂಡತಿ ಸುಗುಣ, ನಿಮ್ಮ ಲೋಗೋ ಮುಗಿಯೋದ್ರೊಳಗೆ ನನ್ನ ಅನ್ನ ಸೀದು ಹೋಗ್ತದೆ, ಬೇಗ ನೀರು ತನ್ನಿ ಎಂದು ಛೇಡಿಸುತ್ತಿದ್ದಳು. ವರ್ಷ ತಿರುಗುವುದರೊಳಗೆ ಅವರು ಯೋಹಾನನ ಸುವಾರ್ತೆಯ ಸುಲಭ ವಾಕ್ಯಗಳನ್ನು ಬೆರಳಿಟ್ಟು ಓದುವಂತಾದರು. ಅಯ್ಯನವರು ತಮ್ಮ ಸ್ವಂತದ ಗ್ರೀಕ್ ಹೊಸ ಒಡಂಬಡಿಕೆಯನ್ನು ಅವರ ಕೈಗೆ ಕೊಟ್ಟು, ಮನೆಯಲ್ಲೂ ಓದಿಕೊಳ್ಳಿ ಎಂದರು. ಆ ಪುಸ್ತಕವನ್ನು ಎಬನೇಜರ್ ಬಸ್ಸಿನಲ್ಲಿ ಬೇಕೆಂದೇ ಎಲ್ಲರಿಗೂ ಕಾಣುವ ಹಾಗೆ ತೆರೆದುಕೊಳ್ಳುತ್ತಿದ್ದರು.

ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಅವರು ಸಾಗರದಿಂದಲೇ ಬಸ್ಸು ಹಿಡಿದು, ಲಾಂಚಿನಲ್ಲಿ ಲಿಂಗನಮಕ್ಕಿಯ ಹಿನ್ನೀರು ದಾಟಿ ಬ್ಯಾಕೋಡಿನ ಕಡೆಗೆ ಹೋಗಬೇಕಿತ್ತು. ಆಚೆ ದಡದಲ್ಲಿ ಚದುರಿದ್ದ ಐದಾರು ಕ್ರೈಸ್ತ ಕುಟುಂಬಗಳು ಕನ್ನಪ್ಪ ಎಂಬ ಗಾರೆಯವನ ಮನೆಯ ಜಗಲಿಯಲ್ಲಿ ಸೇರುತ್ತಿದ್ದವು. ಅಲ್ಲಿ ಒಂದು ಪದ್ಧತಿ ಇತ್ತು. ಪ್ರಸಂಗಕ್ಕೆ ಮೊದಲು ಪ್ರತಿಯೊಬ್ಬರೂ ಎದ್ದು ತಮ್ಮ ವಚನ ಹೇಳಬೇಕು. ತಮ್ಮ ವಚನ ಎಂದರೆ ಕಷ್ಟ ಬಂದಾಗ ತನ್ನನ್ನು ಹಿಡಿದು ನಿಲ್ಲಿಸಿದ ಬೈಬಲಿನ ಮಾತು. ಒಬ್ಬೊಬ್ಬರದು ಒಂದೊಂದು, ಒಬ್ಬರದನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ.

ದುಗ್ಗಮ್ಮನದು ವಚನವಲ್ಲ, ಒಂದು ಇಡೀ ಕತೆ. ದುಗ್ಗಮ್ಮ ಹೊಸನಗರದ ಕಡೆಯ ಹೆಂಗಸು. ಗಂಡನ ಮನೆಯವರು ಅವಳ ಮೇಲೆ ಇಲ್ಲದ್ದೋ ಇದ್ದದ್ದೋ ಒಂದು ಮಾತು ಹೊರಿಸಿ, ಪಂಚಾಯ್ತಿ ಕೂರಿಸಿ, ಊರು ಬಿಡಿಸಿದ್ದರು. ಲಿಂಗನಮಕ್ಕಿಯ ಕಟ್ಟೆ ಕೆಲಸದಲ್ಲಿ ಕಲ್ಲು ಹೊತ್ತು, ಕೆಲಸ ಮುಗಿದ ಮೇಲೆ ಆಚೆ ದಡದಲ್ಲಿ ಲಾಂಚ್ ನಿಲ್ಲುವಲ್ಲಿ ಸೋಗೆ ಹೊದಿಸಿದ ಚಾ ಅಂಗಡಿ ಇಟ್ಟಿದ್ದಳು. ಅಂಗಡಿಯ ಹಿಂಭಾಗವೇ ಅವಳ ಮನೆ. ಒಮ್ಮೆ ಲಾಂಚ್ ಕೆಟ್ಟು ಅಲ್ಲೇ ಕೂರಬೇಕಾಗಿ ಬಂದಾಗ ಎಬನೇಜರ್, ಮಾತಿಗೆ ಮಾತು ಬಂದು, ಹಾದರ ಮಾಡಿದಳೆಂದು ಕಲ್ಲೆಸೆದು ಕೊಲ್ಲಲು ಯೇಸುವಿನ ಮುಂದೆ ಎಳೆದು ತಂದ ಹೆಂಗಸಿನ ಕತೆ ಹೇಳಿದರು. ದುಗ್ಗಮ್ಮ ಒಲೆಯ ಮೇಲಿನ ಹಾಲು ಉಕ್ಕಿದ್ದನ್ನೂ ನೋಡಲಿಲ್ಲ. ಇನ್ನೊಂದ್ಸಲ ಹೇಳಿ ಎಂದಳು. ಅವಳು ಮಾಡಿದ್ದು ತಪ್ಪೋ ಅಲ್ಲವೋ ಎಂದು ಅವರು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಅಷ್ಟರ ಮಟ್ಟಿಗೆ ಅವರು ಒಳ್ಳೆಯ ಉಪದೇಶಿಯೇ.

ಸಭೆಗೆ ಸೇರಿಸಿಕೊಳ್ಳುವಾಗ ಹೊಸ ಹೆಸರು ಕೊಡುತ್ತೇವೆ ಎಂದರೆ ಅವಳು ಒಪ್ಪಲಿಲ್ಲ. ದುಗ್ಗಿ ಅಂತ ಕರೆದೇ ಹೊರಗೆ ಹಾಕಿದ್ದು, ಅದೇ ಹೆಸರು ಕರೆದು ಒಳಗೆ ತಗಳ್ಳಿ ಎಂದಳು. ಅಂದಿನಿಂದ ಜಗಲಿಯಲ್ಲಿ ಅವಳ ಸರದಿ ಬಂದಾಗಲೆಲ್ಲ ಆ ಕತೆಯೇ. ಗಂಡಸರು ಗುಂಪು ಕಟ್ಟಿಕೊಂಡು ಬಂದದ್ದು, ಯೇಸಪ್ಪ ತಲೆ ಎತ್ತದೆ ಮಣ್ಣಿನಲ್ಲಿ ಬರೆಯುತ್ತಾ ಕೂತದ್ದು, ಪಾಪ ಮಾಡದವನು ಮೊದಲು ಕಲ್ಲು ಎತ್ತಲಿ ಎಂದದ್ದು, ದೊಡ್ಡ ಮೀಸೆಯವರೇ ಮೊದಲು ಜಾಗ ಖಾಲಿ ಮಾಡಿದ್ದು. ಮೀಸೆ ಅವಳೇ ಸೇರಿಸಿದ್ದು. ಕಡೆಗೆ ಯೇಸಪ್ಪ ಎದ್ದು ನಿಂತು, ನಾನೂ ನಿಂಗೆ ಏನೂ ಅನ್ನಲ್ಲ, ಹೋಗವ್ವ ಎಂದ ಎನ್ನುವಾಗ ಪ್ರತಿ ಸಲವೂ ಅವಳ ಕೈ ಸೆರಗಿಗೆ ಹೋಗುತ್ತಿತ್ತು. ಕೇಳಿ ಕೇಳಿ ಬೇಸತ್ತವರೂ ಆ ಮಾತು ಬರುವಾಗ ತಲೆ ಎತ್ತಿ ಅವಳನ್ನು ನೋಡುತ್ತಿದ್ದರು.

ಎಪ್ಪತ್ತೆಂಟರ ಮಾಘದ ಒಂದು ಭಾನುವಾರ, ಲಾಂಚಿಗೆ ಹೋಗುವ ಬಸ್ಸಿನಲ್ಲಿ ಎಬನೇಜರ್ ಗ್ರೀಕ್ ಪುಸ್ತಕ ತೆರೆದು, ಪಾಠಕ್ಕಿಂತ ಮುಂದೆ ತಾವೇ ಓದುತ್ತಾ ಹೋದರು. ಯೋಹಾನನ ಎಂಟನೆಯ ಅಧ್ಯಾಯಕ್ಕೆ ಬಂದಾಗ ದುಗ್ಗಮ್ಮ ಹೇಳುವ ಆ ಕತೆಯ ಸುತ್ತ ಜೋಡಿ ಬ್ರಾಕೆಟ್ ಹಾಕಿರುವುದು ಕಂಡಿತು. ಅಡಿಯಲ್ಲಿ ಟಿಪ್ಪಣಿ. ತಮಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಅದನ್ನು ಬಿಡಿಸಿದರು. ಬಹಳ ಹಳೆಯ ಕೈಬರಹದ ಪ್ರತಿಗಳಲ್ಲಿ ಈ ಭಾಗ ಇಲ್ಲ ಎಂದಿತ್ತು. ಟಿಪ್ಪಣಿಯನ್ನು ಮತ್ತೊಮ್ಮೆ ಓದಿದರು. ದುಃಖಕ್ಕಲ್ಲ, ಖುಷಿಗೆ. ಎಳೆಯ ಪಾದ್ರಿಗಳು ಒಬ್ಬರೂ ಇದನ್ನು ಹೇಳಿರಲಿಲ್ಲ, ತಾವೇ ಕಂಡುಕೊಂಡಿದ್ದರು. ಕೇಳೋಣವೆಂದರೆ ಅಯ್ಯನವರು ಹಿಂದೆ ಸಾಗರದಲ್ಲಿ ಉಳಿದಿದ್ದರು, ಮುಂದಿನ ಶನಿವಾರ ದೂರವಿತ್ತು. ಜಗಲಿ ಹತ್ತಿರವಿತ್ತು.

ಅಂದು ದುಗ್ಗಮ್ಮ ಕತೆ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು ಕೂತಳು. ಎಬನೇಜರ್ ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡರು. ಮೂಲ ಗ್ರೀಕಿನಲ್ಲಿ ನೋಡಿದರೆ ಈ ಕತೆ ಹಳೆಯ ಪ್ರತಿಗಳಲ್ಲಿ ಸಿಗುವುದಿಲ್ಲ ಎಂದು ಶುರುಮಾಡಿ, ಪುಸ್ತಕ ತೆರೆದು ಬ್ರಾಕೆಟ್ ತೋರಿಸಿದರು. ಸಭೆ ಮುಂದಕ್ಕೆ ಬಾಗಿತು. ಅವರ ಇಡೀ ಬದುಕಿನಲ್ಲಿ ಮೊದಲ ಸಲ ಸಭೆ ಅವರಿಗಾಗಿ ಬಾಗಿತು. ದುಗ್ಗಮ್ಮ ಒಂದೇ ಪ್ರಶ್ನೆ ಕೇಳಿದಳು.

"ಹಂಗಾರೆ ಅವ್ನು ಹಂಗೆ ಅಂದಿಲ್ವಾ ಉಪದೇಶಿಯವ್ರೇ?"

ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಗೊತ್ತಿರಲೂ ಇಲ್ಲ. ಆದರೆ ಬಾಗಿದ ಸಭೆಯ ಮುಂದೆ ಯಾವ ಮನುಷ್ಯನಿಗೆ ಆ ಮಾತು ಬಾಯಿಗೆ ಬರುತ್ತದೆ? ಯಾರೋ ಆಮೇಲೆ ಸೇರಿಸಿದ್ದಿರಬೇಕು ಎಂದುಬಿಟ್ಟರು. ಅವಳು ತಲೆಯಾಡಿಸಿದಳು. ಮುಂದಿನ ಸರದಿ ಕನ್ನಪ್ಪನದು, ಅವನು ತನ್ನ ವಚನ ಹೇಳಿದ. ಹಿಂದಿರುಗುವಾಗ ಲಾಂಚಿನಲ್ಲಿ ಎಬನೇಜರ್ ಸಂತೋಷದಿಂದಲೇ ಇದ್ದರು.

ಮುಂದಿನ ಸಲ ದುಗ್ಗಮ್ಮ ಜಗಲಿಗೆ ಬರಲಿಲ್ಲ. ಅಂಗಡಿಯಲ್ಲಿ ಜನ ಜಾಸ್ತಿ ಎಂದಳು. ಅದರ ಮುಂದಿನ ಸಲವೂ ಬರಲಿಲ್ಲ. ಇದು ತಮ್ಮ ಮಾತಿನ ಫಲವೇ ಎಂಬ ಅನುಮಾನ ಎಬನೇಜರರಿಗೆ ಬಂದದ್ದು ನಾಲ್ಕನೆಯ ಸಲ. ಶನಿವಾರ ಪಾಠಕ್ಕೆ ಕೂತಾಗ ನಡೆದದ್ದನ್ನು ಅಯ್ಯನವರಿಗೆ ಹೇಳಿದರು. ಹೇಳುವಾಗಲೂ ಸ್ವಲ್ಪ ಹೆಮ್ಮೆ ಉಳಿದಿತ್ತು ಎಂಬುದನ್ನು ಮುಚ್ಚಿಡುವುದು ಬೇಡ. ಅಯ್ಯನವರು ಪಾಠದ ಪುಸ್ತಕ ಮುಚ್ಚಿಟ್ಟರು.

"ಬ್ರಾಕೆಟ್ ಯಾಕೆ ಹಾಕ್ತಾರೆ ಅಂತ ನನ್ನನ್ನು ಕೇಳಿದ್ರಾ?" ಎಂದರು. "ಹಳೆಯ ಪ್ರತಿಯಲ್ಲಿ ಇಲ್ಲ, ಸರಿ. ಹಾಗಾದರೆ ಕಿತ್ತು ಬಿಸಾಡಬಹುದಿತ್ತಲ್ಲ? ಬಿಸಾಡಲಿಲ್ಲ. ಇಷ್ಟು ದೊಡ್ಡ ವಿದ್ವಾಂಸರಿಗೆಲ್ಲ ಅದನ್ನು ಬಿಡೋಕೆ ಮನಸ್ಸು ಬರಲಿಲ್ಲ. ಬರೆದದ್ದು ಯೋಹಾನನಲ್ಲದೆ ಇರಬಹುದು, ನಡೆದದ್ದಂತೂ ಹೌದು ಅಂತ ನಂಬುವವರು ಅವರಲ್ಲೇ ಬೇಕಾದಷ್ಟು ಜನ ಇದ್ದಾರೆ. ನಾನೂ ನಂಬ್ತೇನೆ. ನೀವು ಆ ಹೆಂಗಸಿಗೆ ಅರ್ಧ ಪಾಠ ಹೇಳಿ ಬಂದಿರಿ ಎಬನೇಜರ್."

ಅಲ್ಪ ವಿದ್ಯೆ ಮಹಾ ಗರ್ವ ಎಂಬ ಮಾತನ್ನು ಎಬನೇಜರ್ ತಾವೇ ಎಷ್ಟು ಪ್ರಸಂಗಗಳಲ್ಲಿ ಬಳಸಿದ್ದರೋ! ಮಾರನೆಯ ದಿನ ಬ್ಯಾಕೋಡಿನ ಸರದಿಯಲ್ಲ. ಆದರೂ ಕಾರ್ಗಲ್ಲಿನ ಆರಾಧನೆಯನ್ನು ಬೇರೆಯವರು ನಡೆಸಲಿ ಎಂದು ಹೇಳಿಕಳಿಸಿ ಮೊದಲ ಲಾಂಚಿಗೇ ದಾಟಿದರು. ದುಗ್ಗಮ್ಮ ಲೋಟ ತೊಳೆಯುತ್ತಿದ್ದಳು. ಅವರು ಅಂಗಡಿಯ ಮುಂದಿನ ಹಲಗೆಯ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು. ತಪ್ಪು ನನ್ನದು, ಓದಿದ್ದು ಅರ್ಧ ಎಂದರು. ಯೋವೇಲಯ್ಯನವರ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದರು. ಅವಳು ಅವರಿಗೆ ಚಾ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಪೂರ್ತಿ ಕೇಳಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ನೀವು ಒಳ್ಳೇವ್ರು," ಎಂದಳು. "ಆವತ್ತು ಪುಸ್ತಕ ನೋಡ್ಕಂಡು ಹೇಳಿದ್ರಿ. ಇವತ್ತು ನನ್ನ ಮುಖ ನೋಡ್ಕಂಡು ಹೇಳ್ತಿದೀರಿ."

ಎಬನೇಜರ್ ಚೀಲದಿಂದ ಪುಸ್ತಕ ತೆಗೆದು, ಪುಟ ತೆರೆದು ಅವಳ ಮುಂದೆ ಹಿಡಿದರು. ಅವಳಿಗೆ ಕನ್ನಡದ ಅಕ್ಷರವೇ ಬಾರದು. ಆದರೂ ಮರ್ಯಾದೆಗೆ ನೋಡಿದಳು.

"ನಂಗೆ ಮೊದ್ಲಿಂದ್ಲೂ ಒಂದು ಅನುಮಾನ ಇತ್ತು," ಎಂದಳು. "ಅಷ್ಟು ಚೆನ್ನಾಗಿರೋ ಮಾತು ನಮ್ಮಂಥೋರಿಗೆ ಅಂತ ಇರೋಕಾಗ್ತದಾ? ನೀವು ಹೇಳಿದ್ಮೇಲೆ ಹೌದು ಅನ್ನಿಸ್ತು, ಅಷ್ಟೇ. ಬೇಜಾರು ಮಾಡ್ಕಬೇಡಿ. ಚಾ ಆರ್ತದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಎಬನೇಜರ್ ಸುಮ್ಮನೆ ಕೂರಲಿಲ್ಲ. ಒಮ್ಮೆ ಯೋವೇಲಯ್ಯನವರನ್ನೇ ಒಪ್ಪಿಸಿ, ಆ ವಯಸ್ಸಿನಲ್ಲಿ ಲಾಂಚ್ ಹತ್ತಿಸಿ ಕರೆತಂದರು. ಅಯ್ಯನವರು ಹಲಗೆಯ ಮೇಲೆ ಕೂತು ಅದೇ ಮಾತನ್ನು ಇನ್ನೂ ಮೃದುವಾಗಿ ಹೇಳಿದರು. ಅವರು ಮೃದುವಾಗಿ ಹೇಳಿದಷ್ಟೂ ದುಗ್ಗಮ್ಮನಿಗೆ ಅದು ಸಮಾಧಾನದ ಮಾತೆಂದೇ ಖಾತ್ರಿಯಾಗುತ್ತಾ ಹೋಯಿತು. ಇಬ್ಬರಿಗೂ ಬಾಳೆಹಣ್ಣು ಕೊಟ್ಟು ಕಳಿಸಿದಳು.

ಕೆಲವು ತಿಂಗಳ ಮೇಲೆ ಅವಳು ಜಗಲಿಗೆ ಬರತೊಡಗಿದಳು. ಎಬನೇಜರ್ ನೊಂದಿದ್ದಾರೆಂದು ಅವರಿಗೋಸ್ಕರ ಬಂದಳು. ಹಾಡುವಾಗ ಹಾಡಿದಳು. ಸರದಿ ಬಂದಾಗ ಕೂತಲ್ಲೇ ಕೈಯಾಡಿಸಿ, ಮುಂದಿನವ್ರು ಹೇಳ್ಲಿ ಎನ್ನುವಳು. ಬೇರೆ ವಚನ ಕಲಿಸಿಕೊಡಲು ಕನ್ನಪ್ಪನ ಹೆಂಡತಿ ಪ್ರಯತ್ನಿಸಿದಳು. ದುಗ್ಗಮ್ಮ ಎರಡು ಸಲ ಹೇಳಿ, ಮೂರನೆಯ ಸಲಕ್ಕೆ ಮರೆತಳು.

ಎಬನೇಜರರ ಗ್ರೀಕು ಮುಂದುವರಿಯಿತು. ನಿಲ್ಲಿಸಿದರು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತಿತ್ತು, ಆದರೆ ನಿಲ್ಲಿಸಲಿಲ್ಲ. ಮೊದಲಿಗಿಂತ ಹಟದಿಂದ ಓದಿದರು. ಎಲ್ಲೋ ಒಂದು ಕಡೆ, ಯಾವುದೋ ಟಿಪ್ಪಣಿಯಲ್ಲಿ, ದುಗ್ಗಮ್ಮನನ್ನು ಒಪ್ಪಿಸುವಂಥದ್ದು ಸಿಕ್ಕೇ ಸಿಗುತ್ತದೆ ಎಂದು ನಂಬಿದ್ದರು. ಸಿಕ್ಕಿತು ಕೂಡ, ಬೇಕಾದಷ್ಟು. ಆದರೆ ಅವಳಿಗೆ ಬೇಕಾದದ್ದು ಪುರಾವೆಯಾಗಿರಲಿಲ್ಲ. ಬಿಳಿ ನಿಲುವಂಗಿಯ ಆಸೆ ಎಲ್ಲಿ ಬಿದ್ದುಹೋಯಿತೋ ಅವರಿಗೇ ತಿಳಿಯಲಿಲ್ಲ. ಪ್ರಸಂಗದಲ್ಲಿ ಮಾತ್ರ ಮೂಲ ಗ್ರೀಕು ಎಂಬ ಮಾತನ್ನು ಮತ್ತೆ ಎತ್ತಲಿಲ್ಲ. ಇಷ್ಟು ಕಲಿತೂ ಯಾಕೆ ಹೇಳುವುದಿಲ್ಲ ಎಂದು ಸಭೆಯವರು ಕೇಳಿದರೆ, ಮರೆತುಹೋಗಿದೆ ಎನ್ನುವರು.

ಎಂಬತ್ತೈದರ ಬೇಸಿಗೆಯಲ್ಲಿ ದುಗ್ಗಮ್ಮ ಕಾಯಿಲೆ ಬಿದ್ದು ಮಲಗಿದಳು. ಜಗಲಿಯ ಸಭೆಯವರು ಸಾಗರದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆಂದರೆ ಒಪ್ಪಲಿಲ್ಲ. ಕನ್ನಪ್ಪನ ಹೆಂಡತಿ ಬಂದು ಗಂಜಿ ಕುಡಿಸಿ ಹೋಗುತ್ತಿದ್ದಳು. ಎಬನೇಜರ್ ಬಂದಾಗ ಮಧ್ಯಾಹ್ನದ ಬಿಸಿಲು, ಹಿನ್ನೀರು ದೂರಕ್ಕೆ ಇಳಿದು ದಡವೆಲ್ಲ ಕೆಸರು ಒಣಗಿತ್ತು. ಅಂಗಡಿಯ ಹಿಂದಿನ ಚಾಪೆಯ ಮೇಲೆ ಅವಳು ಅರ್ಧ ಆಗಿಹೋಗಿದ್ದಳು. ಪ್ರಾರ್ಥನೆ ಮಾಡಲೇ ಎಂದರು. ಮಾಡಿ ಎಂದಳು. ಮಾಡಿದರು. ಮುಗಿದ ಮೇಲೆ, ಭಯ ಆಗ್ತಿದೆಯಾ ದುಗ್ಗಮ್ಮ ಎಂದು ಕೇಳಿದರು.

"ಊರವ್ರೆಲ್ಲ ಕೂತು, ಇವ್ಳ ಮುಖ ದೇವ್ರೂ ನೋಡ್ಬಾರ್ದು ಅಂದಿದ್ರು ಉಪದೇಶಿಯವ್ರೇ. ಹಂಗಲ್ಲ ಅನ್ನೋಕೆ ಒಬ್ಬ ಇದ್ದ," ಎಂದಳು. ಉಸಿರು ತೆಗೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಅವ್ನೂ ಅಂದಿರ್ಲಿಲ್ಲ ಅಂತಾಯ್ತು. ಈಗ ನಾನು ಯಾರ ಹತ್ರ ಅಂತ ಹೋಗ್ಲಿ?"

ಎಬನೇಜರ್ ಅಳುತ್ತಲೇ ಆ ಕತೆಯನ್ನು ಮೊದಲಿನಿಂದ ಹೇಳತೊಡಗಿದರು. ಗಂಡಸರು ಗುಂಪು ಕಟ್ಟಿಕೊಂಡು ಬಂದದ್ದು, ಅವನು ಮಣ್ಣಿನಲ್ಲಿ ಬರೆದದ್ದು. ಮೀಸೆಯನ್ನೂ ಬಿಡಲಿಲ್ಲ. ಕಡೆಯ ಮಾತನ್ನು ಎರಡು ಸಲ ಹೇಳಿದರು. ದುಗ್ಗಮ್ಮ ಕಣ್ಣು ತೆರೆದೇ ಕೇಳಿದಳು, ಬೇರೆ ಯಾರದೋ ಮಗಳ ಮದುವೆಯ ಸುದ್ದಿ ಕೇಳುವ ಹಾಗೆ. ಮುಗಿದ ಮೇಲೆ, ಚೆನ್ನಾಗಿ ಹೇಳ್ತೀರಿ ಎಂದಳು. ಆಮೇಲೆ, ಲಾಂಚ್ ಹೊರಡೋ ಹೊತ್ತಾಯ್ತು, ತಪ್ಪಿಸ್ಕಂಡ್ರೆ ನಿಮ್ಗೆ ತೊಂದ್ರೆ ಎಂದು ಅವರನ್ನು ಎಬ್ಬಿಸಿ ಕಳಿಸಿದಳು.