ರಾಮಕುಂಜದ ನಾಯಿಯ ಮೇಲೊಂದು ಆರೋಪ

ಹೋದ ತಿಂಗಳು ಒಂದು ಮಧ್ಯಾಹ್ನ ಸುಳ್ಯದ ಗೆಳೆಯ ಕುಶಾಲಪ್ಪನ ಚಾವಡಿಯಲ್ಲಿ ನಾನು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದೆ. ಎದುರಿಗೆ ನನ್ನ ಎಂಟು ವರ್ಷದ ಮಗಳು ಸುಮತಿ ಅವನ ಬೇಟೆನಾಯಿಯ ಕುತ್ತಿಗೆ ತಬ್ಬಿಕೊಂಡಿದ್ದಳು. ಅರ್ಧ ಗಂಟೆ ಹಾಗೇ ಇರಬೇಕೆಂದು ನನ್ನ ಅಪ್ಪಣೆ. ಐದೈದು ನಿಮಿಷಕ್ಕೊಮ್ಮೆ ನಾನು ಎದ್ದು ಹೋಗಿ ಅವಳ ಬೆನ್ನಿಗೆ ಕಿವಿ ಇಡುತ್ತಿದ್ದೆ.

ಕುಶಾಲಪ್ಪ ತುಂಬ ಹೊತ್ತು ನೋಡಿದ. ಆಮೇಲೆ ಕೇಳಿದ: "ಹೈಸ್ಕೂಲಿನಲ್ಲಿ ಮಕ್ಕಳನ್ನು ಫೇಲ್ ಮಾಡುದು ಸಾಕಾಗುದಿಲ್ಲವಾ ಮಾರಾಯ್ರೆ? ಈಗ ನಾಯಿಗಳಿಗೂ ಪರೀಕ್ಷೆ ಉಂಟಾ?"

ಇಪ್ಪತ್ತೈದನೆಯ ನಿಮಿಷಕ್ಕೆ ಮಗಳ ಬೆನ್ನಿನಲ್ಲಿ ಸಣ್ಣ ಸಿಳ್ಳೆ ಕೇಳಿಸಿತು. ನಾಯಿ ಫೇಲ್.

ನಾಯಿಯೊಂದನ್ನು ತರಲು ಇಷ್ಟೆಲ್ಲ ಯಾಕೆ ಎಂದು ಕೇಳುತ್ತೀರಿ. ಕೇಳಬೇಕಾದದ್ದೇ. ನಮ್ಮ ಕೆದಂಬಾಡಿಯಲ್ಲಿ ನಾಯಿ ಬೇಕಾದವರು ನಾಯಿ ಹುಡುಕುವುದಿಲ್ಲ. ಅದೇ ಬಂದು ಅಂಗಳದಲ್ಲಿ ಮಲಗುತ್ತದೆ. ಆದರೆ ಸುಮತಿಗೆ ದಮ್ಮು. ಎದೆ ಕಟ್ಟಿದರೆ ಮಾತಾಡಲಿಕ್ಕೂ ಆಗದೆ ಕಂಬಕ್ಕೆ ಆತು ಕುಳಿತುಕೊಳ್ಳುತ್ತಾಳೆ. ಕಳೆದ ವರ್ಷ ಶಾಲೆಗೆ ಹೋದ ದಿನಕ್ಕಿಂತ ಹೀಗೆ ಕುಳಿತ ದಿನವೇ ಹೆಚ್ಚಿರಬೇಕು. ಅವಳಿಗೆ ಜೊತೆಗಾರರಿಲ್ಲ. ಆಟವಿಲ್ಲ. ದಿನಕ್ಕೆರಡು ಸಲ ಆಡುಸೋಗೆ ಕಷಾಯ ಉಂಟು, ಅಷ್ಟೆ. (ಅದರ ಕಹಿ ಗೊತ್ತಿಲ್ಲದವರು ಪುಣ್ಯವಂತರು.)

ಒಂದು ದಿನ ಅವಳು ನನ್ನೊಡನೆ ಒಪ್ಪಂದಕ್ಕೆ ಬಂದಳು. ಮುಂದಿನ ಮಳೆಗಾಲ ಮುಗಿಯುವ ತನಕ ಮುಖ ಕಿವುಚದೆ ಕಷಾಯ ಕುಡಿಯುತ್ತೇನೆ, ಅದಾದ ಮೇಲೆ ನನಗೊಂದು ನಾಯಿ ಬೇಕು ಎಂದಳು. ನಾನು ಒಪ್ಪಿದೆ. ಮಕ್ಕಳು ಮರೆಯುತ್ತಾರೆ ಎಂಬ ಧೈರ್ಯ ನನಗಿತ್ತು. ಅವಳು ಕುಡಿದಳು. ಮುಖ ಕಿವುಚಲಿಲ್ಲ. ಮರೆಯಲೂ ಇಲ್ಲ.

ಮರೆತವನು ನಾನು, ಒಪ್ಪಂದವನ್ನಲ್ಲ, ಬೇರೊಂದನ್ನು. ಹಾಗೆ ಹೇಳುವುದಕ್ಕಿಂತ, ತಪ್ಪಾಗಿ ನೆನಪಿಟ್ಟುಕೊಂಡವನು ನಾನು. ಆ ಕತೆ ಮುಂದೆ ಬರುತ್ತದೆ.

ನನಗೂ ಚಿಕ್ಕಂದಿನಲ್ಲಿ ದಮ್ಮು ಇತ್ತು. ಆಗ ಮನೆಯಲ್ಲಿ ಕರಿಯ ಎಂಬ ನಾಯಿ ಇತ್ತು. ಅದರ ಕೂದಲಿನಿಂದಲೇ ದಮ್ಮು ಎಂದು ಯಾರೋ ಹೇಳಿ, ಕರಿಯನನ್ನು ಗೋಣಿಯಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬಂದರು. ನನಗೆ ಗುಣವಾಯಿತು. ಗೋಣಿಯ ಬಾಯಿಯಿಂದ ಹೊರಗೆ ಇಣುಕಿದ್ದ ಬಾಲದ ತುದಿ ಕೂಡ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಹಾಗಾಗಿ ಮಗಳು ಹುಟ್ಟಿದಂದಿನಿಂದ ನಮ್ಮ ಮನೆಗೆ ನಾಯಿ ಬಂದಿಲ್ಲ. ಬಂದದ್ದನ್ನೆಲ್ಲ ಓಡಿಸಿದ್ದೇನೆ.

ಪುತ್ತೂರಿನ ಡಾಕ್ಟರಲ್ಲಿಗೆ ಹೋಗಿ ಇದನ್ನೆಲ್ಲ ಹೇಳಿದೆ. ಅವರು 'ಅಲರ್ಜಿ' ಎಂದರು. ಈಗ ಎಲ್ಲದಕ್ಕೂ ಅದೇ ಹೆಸರು. ಮನೆಯಲ್ಲಿ ಬೆಕ್ಕು ಉಂಟಾ ಎಂದು ಕೇಳಿದರು. ತಲೆದಿಂಬು ಎಂತದ್ದು, ಹೂವಿನ ಗಿಡ ಯಾವುದು ಎಂದೂ ಕೇಳಿದರು. ಕೊನೆಗೆ, ಎಲ್ಲ ನಾಯಿಯೂ ಎಲ್ಲರಿಗೂ ಆಗುವುದಿಲ್ಲವೆಂದಿಲ್ಲ, ಉದ್ದ ಕೂದಲಿನದ್ದು ಬೇಡ, ತರುವ ಮೊದಲು ಮಗುವನ್ನು ಸ್ವಲ್ಪ ಹೊತ್ತು ಅದರ ಜೊತೆ ಬಿಟ್ಟು ನೋಡಿ ಎಂದರು.

ನಾನು ಮದ್ರಾಸಿಗೆ ಹೋಗಿ ರಸಾಯನಶಾಸ್ತ್ರ ಓದಿ ಬಂದವನು. ಜಾತಕ ನಂಬುವುದಿಲ್ಲ, ನಿಮಿತ್ತ ಕೇಳುವುದಿಲ್ಲ. ಇದೇ ಅಂಕಣದಲ್ಲಿ ಅದಕ್ಕಾಗಿ ನಿಮ್ಮಲ್ಲಿ ಕೆಲವರಿಂದ ಬೈಸಿಕೊಂಡೂ ಆಗಿದೆ. 'ಬಿಟ್ಟು ನೋಡಿ' ಎಂದರೆ ನನಗೆ ಅದೊಂದು ಎಕ್ಸ್‌ಪೆರಿಮೆಂಟ್. ಗಡಿಯಾರ ಹಿಡಿದು ಹೊರಟೆ.

ಹೋದಲ್ಲೆಲ್ಲ ಉಪದೇಶ. ಮರಿಯನ್ನು ಕಿವಿ ಹಿಡಿದೆತ್ತಿದಾಗ ಕುಂಯ್ ಎನ್ನದಿದ್ದರೆ ಒಳ್ಳೆಯ ಜಾತಿ ಎಂದರು ಒಬ್ಬರು. ಉಗುರು ಲೆಕ್ಕ ಮಾಡಿ ಎಂದರು ಇನ್ನೊಬ್ಬರು. ಮಗುವಿಗೆ ಉಸಿರಾಡಲಿಕ್ಕೆ ಆಗುತ್ತದೋ ಇಲ್ಲವೋ ಎಂದು ನೋಡಲು ಬಂದವನಿಗೆ ನಾಯಿಯ ಉಗುರು ಯಾಕೆ ಸ್ವಾಮಿ?

ಮೊದಲು ನೋಡಿದ್ದು ನಮ್ಮ ನೆರೆಮನೆಯ ನಾಯಿ. ಮಧ್ಯಮ ಕೂದಲು. ಅವರ ಚಾವಡಿಯ ಮೂಲೆಯಲ್ಲಿ ಹೆಂಗಸರು ಕುಳಿತು ಅಡಿಕೆ ಸುಲಿಯುತ್ತಿದ್ದರು, ಅವರ ಪಕ್ಕದಲ್ಲೇ ಮಗಳನ್ನೂ ನಾಯಿಯನ್ನೂ ಕೂರಿಸಿದೆ. ಹದಿನೈದು ನಿಮಿಷಕ್ಕೇ ಸಿಳ್ಳೆ. ಎರಡನೆಯದು ಕುಶಾಲಪ್ಪನದ್ದು. ಗಿಡ್ಡ ಕೂದಲು. ಅಲ್ಲಿ ನಾವು ಕುಳಿತದ್ದು ಸುಲಿದ ಅಡಿಕೆಯ ಮೂಟೆಗಳಿಗೆ ಒರಗಿ. ಫಲಿತಾಂಶ ಮೇಲೆಯೇ ಹೇಳಿದ್ದೇನೆ.

ಮೂರನೆಯದು ರಾಮಕುಂಜದಲ್ಲಿ. ಅಲ್ಲಿ ಬಾಡಿಗೆ ಮನೆಯಲ್ಲಿರುವ ಮಾಷ್ಟ್ರೊಬ್ಬರು ನನ್ನ ಸಹಪಾಠಿ. ಅವರಿಗೆ ತೋಟವಿಲ್ಲ, ಪುಸ್ತಕ ಮತ್ತು ನಾಯಿ ಮಾತ್ರ. ಆ ನಾಯಿಯನ್ನು ನೋಡಿದೊಡನೆ ನಾನು ಹಿಂದೆ ತಿರುಗುವವನಿದ್ದೆ. ಕಂಬಳಿಯನ್ನೇ ಹೊದ್ದ ಹಾಗೆ ಕೂದಲು. ಸವರಿದರೆ ಮುಷ್ಟಿ ತುಂಬ ಬರುತ್ತಿತ್ತು. ಆದರೆ ಸುಮತಿ ಆಗಲೇ ಅದರ ಹೊಟ್ಟೆಯ ಮೇಲೆ ತಲೆ ಇಟ್ಟಾಗಿತ್ತು.

ಅರ್ಧ ಗಂಟೆ ಆಯಿತು. ಒಂದು ಗಂಟೆ. ಊಟವಾಗಿ, ಮಾಷ್ಟ್ರು ಒಂದು ನಿದ್ದೆ ತೆಗೆದು ಎದ್ದರು. ಬೆನ್ನಿನಲ್ಲಿ ಸಿಳ್ಳೆಯ ಸದ್ದೇ ಇಲ್ಲ.

ನೀವಾಗಿದ್ದರೆ ಏನು ತೀರ್ಮಾನಿಸುತ್ತಿದ್ದಿರಿ? ನಾನು ತೀರ್ಮಾನಿಸಿದ್ದು, ಇದು ವಿಶೇಷ ತಳಿ ಎಂದು. ಎಂ.ಎಸ್ಸಿ. ಪದವಿ ಇಂಥ ಹೊತ್ತಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಬರುವಾಗ ಸುಮತಿ, "ಅಪ್ಪ, ಮಾಷ್ಟ್ರ ಮನೆಯಲ್ಲಿ ಅಡಿಕೆಯ ವಾಸನೆಯೇ ಇಲ್ಲ ಅಲ್ಲವಾ?" ಎಂದಳು. ಎಂದಳೇ? ಎಂದಳೆಂದು ನನಗೆ ಈಗ ನೆನಪು. ಆಮೇಲೆ ನಡೆದದ್ದನ್ನು ನೋಡಿ ನಾನೇ ಜೋಡಿಸಿಕೊಂಡದ್ದೂ ಇರಬಹುದು. ಎಂದಿದ್ದರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ, ಅಷ್ಟು ನಿಜ.

ಮುಂದಿನ ವಾರ ಹೋಗಿ ನಾಯಿಯನ್ನು ತಂದೆವು. ಪುಕ್ಕಟೆ ತಂದ ನಾಯಿ ಮನೆಯಲ್ಲಿ ನಿಲ್ಲುವುದಿಲ್ಲವೆಂದು ನನ್ನ ಅಮ್ಮ ಚೀಲದಲ್ಲಿ ಒಂದು ತೆಂಗಿನಕಾಯಿ ಹಾಕಿ ಕಳಿಸಿದ್ದರು. ಸೈನ್ಸ್ ಓದಿದವನು ಅದನ್ನೂ ಕೊಟ್ಟು ಬಂದೆ. ಎರಡು ಬಸ್ಸು, ಇಬ್ಬರು ಕಂಡಕ್ಟರರ ಬೈಗುಳ. ಮಗಳು ದಾರಿಯುದ್ದಕ್ಕೂ ನಾಯಿಯ ಕಿವಿಯಲ್ಲಿ ನಮ್ಮ ಮನೆಯ ವಿಷಯ ಹೇಳುತ್ತಿದ್ದಳು. ಬಸ್ಸಿನಲ್ಲೂ ಅವಳ ಉಸಿರು ಸರಾಗ.

ಮನೆಗೆ ಮುಟ್ಟಿ ಎರಡು ಗಂಟೆಯಾಗಿರಲಿಲ್ಲ. ಎದೆ ಕಟ್ಟಿತು. ಆ ಸಲದಷ್ಟು ಜೋರಾಗಿ ಎಂದೂ ಬಂದಿರಲಿಲ್ಲ. ಕಂಬಕ್ಕೆ ಆತು, ಬಾಯಿ ತೆರೆದು, ಮಾತಾಡಲಾಗದೆ, ಕೈಯಲ್ಲಿ ಮಾತ್ರ ನಾಯಿಯ ಹಗ್ಗ. ಬಿಡಿಸಲು ಹೋದರೆ ಬಿಡಲಿಲ್ಲ.

ಮಾರನೆಯ ದಿನ ಮನೆಯಲ್ಲಿ ತೀರ್ಪಾಯಿತು. ಬರುವ ಭಾನುವಾರ ನಾಯಿ ವಾಪಸ್. (ತೆಂಗಿನಕಾಯಿ ವಾಪಸ್ ಕೇಳುವ ಹಾಗಿಲ್ಲ. ಮಾಷ್ಟ್ರ ಮನೆಯಲ್ಲಿ ಅದು ಆಗಲೇ ಚಟ್ನಿಯಾಗಿರುತ್ತದೆ.) ಸುಮತಿ ಅಳಲಿಲ್ಲ. ಕಷಾಯದ ಲೋಟವನ್ನು ಹಾಗೇ ನೆಲದ ಮೇಲಿಟ್ಟು ಹೋದಳು.

ಇದು ನನಗಾದ ಹಾಗೆಯೇ ಆಯಿತು ಎಂದೆ ಅಮ್ಮನೊಡನೆ. ಕರಿಯನನ್ನು ಕಳಿಸಿದ ಮೇಲಲ್ಲವೇ ನನಗೆ ಗುಣವಾದದ್ದು?

ಅಮ್ಮ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಕರಿಯನನ್ನು ಯಾರು ಕಳಿಸಿದ್ದು?"

"ಗೋಣಿಯಲ್ಲಿ ಕಟ್ಟಿ ಹೊಳೆಯಾಚೆ…"

"ಅದು ಬೆಕ್ಕು ಮಾರಾಯ. ಹಾಲಿಗೆ ಬಾಯಿ ಹಾಕುದು ಅಂತ ಬಿಟ್ಟು ಬಂದದ್ದು. ಕರಿಯ ಮುದಿಯಾಗಿ ಇಲ್ಲೇ ಸತ್ತದ್ದು. ನೀನಾಗ ಮದ್ರಾಸಿನಲ್ಲಿ."

ನಾನು ಅಲ್ಲೇ ಕುಳಿತೆ. ಹಾಗಾದರೆ ನನ್ನ ದಮ್ಮು ಹೋದದ್ದು ಹೇಗೆ?

"ಹಾಸ್ಟೆಲಿಗೆ ಹೋದದ್ದೇ ಹೋಯಿತು. ರಜೆಯಲ್ಲಿ ಬಂದರೆ ಪುನಃ ಸುರು, ಪ್ರಾಯ ಬಂದ ಮೇಲೆಯೇ ಪೂರ್ತಿ ನಿಂತದ್ದು. ನಿನಗೆ ಹಾಸ್ಟೆಲಿನ ಅನ್ನವೇ ಹಿಡಿಸುದು."

ಮೂವತ್ತು ವರ್ಷ ನಾನು ಒಂದು ನಾಯಿಯನ್ನು ದೂರಿದ್ದೇನೆ. ಆ ನಾಯಿಯೊಂದಿಗೆ ರಜೆಯಲ್ಲಿ ಆಡಿಯೂ ಇರಬೇಕು. ಬಾಲದ ತುದಿ ಮಾತ್ರ ಈಗಲೂ ಕಣ್ಣೆದುರಿಗೆ ಇದೆ, ಕಪ್ಪಾಗಿ, ನಾಯಿಯದ್ದಾಗಿಯೇ. ಬೇರೆಯವರ ನಂಬಿಕೆಗಳನ್ನು ಪ್ರಶ್ನಿಸಿ ಇಷ್ಟು ವಾರ ಬರೆದೆನಲ್ಲ, ನನ್ನ ತಲೆಯೊಳಗಿನದ್ದನ್ನು ಯಾಕೆ ಒಮ್ಮೆಯೂ ಕೇಳಲಿಲ್ಲ?

ಅದೇ ವಾರ ನಮ್ಮ ಚಾವಡಿಯಲ್ಲಿ ದಿನಾ ಅಡಿಕೆ ಸುಲಿಯುವವರ ಊರಿನಲ್ಲಿ ಭೂತದ ಕೋಲ ಬಂತು. ನಾಲ್ಕು ದಿನ ಯಾರೂ ಬರಲಿಲ್ಲ. ಚಾವಡಿ ಗುಡಿಸಿ ಬರಿದಾಯಿತು. ಎರಡನೆಯ ದಿನ ಸುಮತಿ ಅಂಗಳದಲ್ಲಿ ಓಡಿದಳು. ಮೂರನೆಯ ದಿನ ಮಧ್ಯಾಹ್ನ ನಾಯಿಯ ಬೆನ್ನ ಮೇಲೆ ಕೆನ್ನೆ ಇಟ್ಟು ನಿದ್ದೆಹೋಗಿದ್ದಳು, ಮೂಗಿನ ತುದಿಯಲ್ಲಿ ನಾಯಿಯ ಕೂದಲು. ಕಿವಿ ಇಟ್ಟು ಕೇಳಿದೆ. ಸದ್ದಿಲ್ಲ.

ಐದನೆಯ ದಿನ ಬೆಳಿಗ್ಗೆ ಸುಲಿಯುವವರು ಬಂದು ಚಾವಡಿಯಲ್ಲಿ ಕುಳಿತರು. ಸಿಪ್ಪೆಯ ಧೂಳು ಬಿಸಿಲುಕೋಲಿನಲ್ಲಿ ಎದ್ದು ಕುಣಿಯಿತು. ಹತ್ತೂವರೆಗೆ ಸಿಳ್ಳೆ.

ಈ ಧೂಳನ್ನು ನಾನು ಹುಟ್ಟಿದಂದಿನಿಂದ ನೋಡಿದ್ದೇನೆ. ನೋಡಿದ್ದೇನೆಯೇ? ನಾಯಿ, ಬೆಕ್ಕು, ಹೂವು, ದಿಂಬು ಎಲ್ಲ ಕಂಡವು. ಅಡಿಕೆ ಕಾಣಲಿಲ್ಲ. ಪುತ್ತೂರಿಗೆ ಹೋಗಿ ಡಾಕ್ಟರಿಗೆ ಹೇಳಿದೆ. ಅವರ ಮನೆಗೂ ತೋಟ ಉಂಟು. "ಇರಬಹುದು ಮಾರಾಯ್ರೆ. ನನಗೆ ಕೇಳ್ಲಿಕ್ಕೇ ಹೊಳೆಯಲಿಲ್ಲ" ಎಂದರು.

ಚಾವಡಿಯಲ್ಲಿ ಸುಲಿಯುವುದು ಬೇಡ, ದೂರದಲ್ಲಿ ಒಂದು ಚಪ್ಪರ ಹಾಕುವ ಎಂದೆ. ಅಮ್ಮ ಒಪ್ಪಲಿಲ್ಲ. ಅಡಿಕೆ ಕಣ್ಣೆದುರಿಗೇ ಇರಬೇಕಂತೆ. ಅದರ ಮಧ್ಯೆ ನಾಲ್ಕು ತಲೆಮಾರು ಬದುಕಿದೆಯಂತೆ. "ಅಡಿಕೆಯಿಂದ ದಮ್ಮು ಬರುದುಂಟಾ? ನಿನ್ನ ಅಜ್ಜ ಅಡಿಕೆಯ ರಾಶಿಯ ಪಕ್ಕದಲ್ಲೇ ಮಲಗುದು."

"ಅಜ್ಜ ಹೋದದ್ದು ಹೇಗೆ?"

"ಕೆಮ್ಮಿ ಕೆಮ್ಮಿ."

ಹೇಳಿದ ಮೇಲೆ ಅಮ್ಮನ ಕೈ ಮೊರದಲ್ಲಿ ಸ್ವಲ್ಪ ನಿಂತಿತು. ಮತ್ತೆ ಅಕ್ಕಿ ಆರಿಸತೊಡಗಿದರು.

ನಾಳೆ ಭಾನುವಾರ. ನಾಯಿಯ ಹಗ್ಗ ಸುಮತಿಯ ಮಣಿಕಟ್ಟಿಗೆ ಸುತ್ತಿಕೊಂಡಿದೆ. ನೆರೆಮನೆಯವರು ಎಷ್ಟು ಗಂಟೆಯ ಬಸ್ಸಿಗೆ ಎಂದು ಎರಡು ಸಲ ವಿಚಾರಿಸಿದ್ದಾರೆ. ನಾಯಿ ಹೋಗುವುದಿಲ್ಲ ಎಂದು ಎರಡು ಸಲವೂ ಹೇಳಿದ್ದೇನೆ.

ನಾಯಿಯನ್ನಾದರೆ ರಾಮಕುಂಜದಲ್ಲಿ ಬಿಟ್ಟು ಬರಬಹುದು. ಅಡಿಕೆಯನ್ನು ಯಾರ ಮನೆಯಲ್ಲಿ ಬಿಟ್ಟು ಬರುವುದು?