ಎದುರುಮನೆ ಕಾಕುವಿನ ಕೈ

ಮೊನ್ನೆ ಆಫೀಸಿಗೆ ಸಂದರ್ಶನಕ್ಕೆ ಬಂದ ಹುಡುಗಿಯೊಬ್ಬಳ ಕೈ ಕುಲುಕಿದೆ. ಅವಳು ಹೋದ ಮೇಲೂ ನನ್ನ ಅಂಗೈಯಲ್ಲಿ ನೀಲಗಿರಿ ಎಣ್ಣೆಯ ವಾಸನೆ ಉಳಿದಿತ್ತು. ನೆಗಡಿಯಾಗಿತ್ತೇನೋ, ಪಾಪ. ಆಮೇಲೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಎದ್ದು ಹೋಗಿ ಕೈ ತೊಳೆದೆ, ವಾಸನೆ ಹೋಗಲಿಲ್ಲ...

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದಾಗ, ಕೊಂಢವಾ ಬಡಾವಣೆಯ ನಮ್ಮ ಮನೆಯ ಎದುರು ಬಾಗಿಲು ಎಲ್ಲರೂ ಕಾಕು, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಒಬ್ಬ ಹಿರಿಯ ಹೆಂಗಸಿನದಾಗಿತ್ತು. ಬೆಳಗಾವಿಯವರು, ಟೆಲಿಫೋನ್ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಊದಿಕೊಂಡ ಬೆರಳ ಗಂಟುಗಳಿಗೆ ಸದಾ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮೊದಲ ದಿನ ಕಾಲಿಗೆ ಬೀಳಲು ಬಗ್ಗಿದ ನನ್ನನ್ನು ತಡೆದು ಬಲಗೈ ಮುಂದೆ ಮಾಡಿದರು.

"ಕಾಲು ಬ್ಯಾಡವಾ, ಕೈ ಕೊಡು."

ಹಿಂದೆ ನಿಂತಿದ್ದ ನಮ್ಮ ಅತ್ತೆಯ ಮುಖ ಬಿಗಿದುಕೊಂಡಿತು.

ಪುಣೆಯ ಕ್ಯಾಂಪ್ ಭಾಗದ ಒಂದು ಕಚೇರಿಯಿಂದ ನನಗೆ ಸಂದರ್ಶನದ ಕರೆ ಬಂದಾಗ, "ಗಂಡಸರ ಕೈ ಹಿಡದು ಅಲ್ಲಾಡಸೋ ನೌಕರಿ ಏನೂ ಬ್ಯಾಡ" ಎಂದರು ಅತ್ತೆ. ನನಗೂ ಅಂಜಿಕೆಯೇ. ಕಾಕು ಮಾತ್ರ ದಿನಾ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡು ಅಭ್ಯಾಸ ಮಾಡಿಸಿದರು. ಬೆರಳ ತುದಿ ಕೊಟ್ಟರೆ ಬಿಡುತ್ತಿರಲಿಲ್ಲ. "ಪೂರಾ ಕೈ ಕೊಡು. ಕಣ್ಣಾಗ ಕಣ್ಣಿಟ್ಟು ನೋಡು." ನೋವಿಗೆ ಅವರು ತುಟಿ ಕಚ್ಚುತ್ತಿದ್ದರು, ಹಿಡಿತ ಸಡಿಲಿಸುತ್ತಿರಲಿಲ್ಲ.

ಯಾಕಿಷ್ಟು ಹಟ ಎಂದು ಕೇಳಿದೆ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ದೊಡ್ಡ ಸಾಹೇಬರೊಬ್ಬರು ಬಂದಿದ್ದರಂತೆ. ಸಾಲಾಗಿ ನಿಂತ ಗಂಡಸರ ಕೈ ಕುಲುಕುತ್ತ ಬಂದವರು, ಇವರು ಚಾಚಿದ ಕೈಯನ್ನು ದಾಟಿ ಪಕ್ಕದವನ ಕೈ ಹಿಡಿದರಂತೆ. "ಅವತ್ತ ಈ ಕೈ ಎಲ್ಲಿ ಇಟ್ಕೋಬೇಕು ತಿಳೀಲಿಲ್ಲ ನೋಡು..." ಎಂದು ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಸಂದರ್ಶನದ ದಿನ, ನನಗಿಂತ ಮೊದಲು ಹೋದವನ ಕೈ ಕುಲುಕಿದ ಸಾಹೇಬರು ನನ್ನನ್ನು ಕಂಡು ಕೈ ಮುಗಿದರು. ನಾನು ಕೈ ಚಾಚಿಯೇ ನಿಂತೆ. ಅವರು ಗಲಿಬಿಲಿಗೊಂಡು, ಆಮೇಲೆ ನಕ್ಕು, "ಬಸಾ, ಬಸಾ" ಎಂದು ಮರಾಠಿಯಲ್ಲಿ ಕೂರಲು ಹೇಳುತ್ತ ಕೈ ಹಿಡಿದರು. ಕೆಲಸ ಸಿಕ್ಕಿತು. ಅತ್ತೆ ಎಷ್ಟೋ ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಕೊರೊನಾ ಕಾಲದಲ್ಲಿ ಕಾಕುವಿಗೆ ಜ್ವರ ಬಂತು. ಕರೆದೊಯ್ಯಲು ಆಂಬುಲೆನ್ಸ್ ಬಂದಾಗ ನಾನು ನಮ್ಮ ಬಾಗಿಲಲ್ಲಿದ್ದೆ. ಅವರು ರೂಢಿಯಂತೆ ನನ್ನತ್ತ ಕೈ ಚಾಚಿದರು. ತಕ್ಷಣ ಹಿಂದಕ್ಕೆಳೆದುಕೊಂಡು ಎರಡೂ ಕೈ ಜೋಡಿಸಿದರು. ಅವರು ಯಾರಿಗಾದರೂ ಕೈ ಮುಗಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಒಳಗ ಹೋಗವಾ, ಮನ್ಯಾಗ ಮಕ್ಕಳ ಅದಾವ."

ಅವರು ಮರಳಿ ಬರಲಿಲ್ಲ. ಮಣ್ಣು ಮಾಡುವಾಗಲೂ ಯಾರನ್ನೂ ಹತ್ತಿರ ಬಿಡಲಿಲ್ಲ.

ಈಗ ಎಲ್ಲರೂ ಮತ್ತೆ ಕೈ ಕುಲುಕುತ್ತೇವೆ, ನಡುವೆ ಏನೂ ಆಗಿರಲಿಲ್ಲ ಎಂಬಂತೆ. ಎದುರುಮನೆಗೆ ಬೇರೆಯವರು ಬಂದಿದ್ದಾರೆ, ಒಳ್ಳೆಯವರೇ. ಆದರೂ ಸಂಜೆ ಆಫೀಸಿನಿಂದ ಬಂದು ಆ ಬಾಗಿಲ ಮುಂದೆ, ಚೀಲದಲ್ಲಿ ಕೀಲಿ ಹುಡುಕುವವಳಂತೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕೀಲಿ ಆಗಲೇ ಕೈಯಲ್ಲಿರುತ್ತದೆ.